ದಾರಿ ಬಿಡಿಸುವ ವಿದ್ಯೆ ಕಲಿಸಿದ ವಿನ್ಸ್ ಲೊಂಬಾರ್ಡಿ



ಬ್ಲಾಕ್ ಎಂದ ಕೂಡಲೇ ಬೆಂಗಳೂರಿನ ದಕ್ಷಿಣ ಭಾಗದವರಾದ ನಮಗೆ ಜಯನಗರದ ನಾಲ್ಕನೇ ಬ್ಲಾಕೋ ಒಂಬತ್ತನೇ ಬ್ಲಾಕೋ ನೆನಪಿಗೆ ಬರುತ್ತದೆ. ಲೈನ್‌ಮನ್ ಎಂದರೆ ಕರೆಂಟು ಹೋದಾಗ ಕಂಬ ಹತ್ತಲು ಬರುವ ಮನುಷ್ಯ. ಅಮೆರಿಕದಲ್ಲಿ ಈ ಎರಡು ಮಾತುಗಳಿಗೆ ಇನ್ನೊಂದು ಅರ್ಥವೂ ಉಂಟು. ಅಲ್ಲಿನವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಓಡುವವನ ಮುಂದೆ ನಿಂತು ದಾರಿ ಬಿಡಿಸಿಕೊಡುವವರು ಲೈನ್‌ಮನ್‌ಗಳು. ಎದುರಾಳಿಯನ್ನು ಮೈಯಿಂದ ತಡೆದು ಪಕ್ಕಕ್ಕೆ ಸರಿಸುವ ಅವರ ಕೆಲಸಕ್ಕೆ ಬ್ಲಾಕ್ ಎಂದು ಹೆಸರು.

ಪ್ರತಿವರ್ಷ ಫೆಬ್ರವರಿ ತಿಂಗಳ ಒಂದು ಸೋಮವಾರ, ಬೆಳಗಿನ ಜಾವ ಐದು ಗಂಟೆಗೆ, ಬಿ.ಟಿ.ಎಂ. ಲೇಔಟ್, ಜೆ.ಪಿ. ನಗರಗಳ ಕೆಲವು ಮನೆಗಳಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಅಮೆರಿಕದ ಕಂಪನಿಗಳಲ್ಲಿ ದುಡಿಯುವ ನಮ್ಮ ಯುವಕ ಯುವತಿಯರು ಆ ಆಟದ ಅಂತಿಮ ಪಂದ್ಯವಾದ ಸೂಪರ್ ಬೌಲ್ ನೋಡಲು ಎದ್ದು ಕೂರುವ ಹೊತ್ತದು. ಗೆದ್ದ ತಂಡಕ್ಕೆ ಕೊಡುವ ಬೆಳ್ಳಿಯ ಪಾರಿತೋಷಕಕ್ಕೆ ಲೊಂಬಾರ್ಡಿ ಎಂಬ ಹೆಸರಿದೆ. ಆ ಹೆಸರಿನ ಮನುಷ್ಯ ಒಂದು ಕಾಲಕ್ಕೆ ಪೀಠಬಾಲಕ. ಅನಂತರ ಕಿರಿಯ ಗುರುಮಠದ ವಿದ್ಯಾರ್ಥಿ. ಆಮೇಲೆ ಲ್ಯಾಟಿನ್ ಕಲಿಸುವ ಶಾಲಾ ಮಾಸ್ತರರು. ತಾರುಣ್ಯದಲ್ಲಿ ಅವರು ತಾವೇ ದಾರಿ ಬಿಡಿಸುವ ಲೈನ್‌ಮನ್ ಆಗಿದ್ದರು ಎಂಬುದು ಪಾರಿತೋಷಕ ನೋಡುವ ಎಷ್ಟೋ ಮಂದಿಗೆ ತಿಳಿಯದು.

ವಿನ್ಸೆಂಟ್ ಥಾಮಸ್ ಲೊಂಬಾರ್ಡಿ ಹುಟ್ಟಿದ್ದು 1913ರ ಜೂನ್ 11ರಂದು, ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ಶೀಪ್ಸ್‌ಹೆಡ್ ಬೇ ಎಂಬಲ್ಲಿ. ಇಟಲಿಯಿಂದ ವಲಸೆ ಬಂದ ಮನೆತನ. ತಂದೆ ಹ್ಯಾರಿ ಮಾಂಸದ ವ್ಯಾಪಾರಿ, ತಾಯಿ ಮಟಿಲ್ಡಾ. ಐದು ಮಕ್ಕಳಲ್ಲಿ ವಿನ್ಸೆಂಟನೇ ಹಿರಿಯ. ತಂದೆ ತನ್ನ ಒಂದು ಕೈಯ ಗೆಣ್ಣುಗಳ ಮೇಲೆ ಕೆಲಸ ಎಂಬ ಪದವನ್ನೂ ಇನ್ನೊಂದು ಕೈಯ ಗೆಣ್ಣುಗಳ ಮೇಲೆ ಆಟ ಎಂಬ ಪದವನ್ನೂ ಹಚ್ಚೆ ಹಾಕಿಸಿಕೊಂಡಿದ್ದರು. ಮಗನ ಬದುಕಿನಲ್ಲಿ ಆ ಎರಡು ಕೈಗಳೂ ಒಂದೇ ಆದವು.

ಸಂತ ಮಾರ್ಕರ ದೇವಾಲಯದಲ್ಲಿ ಬಲಿಪೂಜೆಗೆ ನೆರವಾಗುತ್ತಿದ್ದ ಹುಡುಗ 1928ರಲ್ಲಿ, ತನ್ನ ಹದಿನೈದನೆಯ ವಯಸ್ಸಿನಲ್ಲಿ, ಗುರುವಾಗಬೇಕೆಂಬ ಆಸೆಯಿಂದ ಬ್ರೂಕ್ಲಿನ್ ಧರ್ಮಪ್ರಾಂತ್ಯದ ಕಿರಿಯ ಗುರುಮಠ ಸೇರಿದ. ಆರು ವರ್ಷಗಳ ಓದಿನಲ್ಲಿ ನಾಲ್ಕು ವರ್ಷ ಮುಗಿಸಿ, ಇದು ತನ್ನ ದೈವಕರೆಯಲ್ಲ ಎಂದು ತೀರ್ಮಾನಿಸಿ ಹೊರಬಂದ. ನಮ್ಮ ಮನೆಗಳಲ್ಲಿ ಗುರುಮಠದಿಂದ ಮರಳಿದ ಹುಡುಗನ ವಿಷಯವನ್ನು ಪಿಸುಮಾತಿನಲ್ಲಿ ಆಡುವ ಕೆಟ್ಟ ರೂಢಿ ಇನ್ನೂ ಪೂರಾ ಹೋಗಿಲ್ಲ. ವಿನ್ಸೆಂಟ್ ಮರಳಿದ್ದು ದೇವರನ್ನು ಬಿಟ್ಟಲ್ಲ. ಮುಂದೆ ಎಷ್ಟೇ ಕೆಲಸದ ಒತ್ತಡವಿರಲಿ, ಬಹುತೇಕ ಪ್ರತಿದಿನ ಬೆಳಗ್ಗೆ ಬಲಿಪೂಜೆಗೆ ಹೋಗುವ ಅಭ್ಯಾಸವನ್ನು ಅವರು ಸಾಯುವವರೆಗೂ ಇಟ್ಟುಕೊಂಡರು.

ಒಂದು ವರ್ಷ ಸಂತ ಫ್ರಾನ್ಸಿಸ್ ಶಾಲೆಯಲ್ಲಿ ಆಡಿ ಹೆಸರು ಮಾಡಿದ ಮೇಲೆ, 1933ರಲ್ಲಿ ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಫೋರ್ಡಂ ವಿಶ್ವವಿದ್ಯಾಲಯ ಅವರಿಗೆ ವಿದ್ಯಾರ್ಥಿವೇತನ ಕೊಟ್ಟು ಕರೆದುಕೊಂಡಿತು. ಎತ್ತರ ಐದಡಿ ಎಂಟು ಅಂಗುಲ; ತೂಕ ಸುಮಾರು 82 ಕಿಲೋ. ಆ ಆಟದ ಲೆಕ್ಕದಲ್ಲಿ ಇದು ಸಣ್ಣ ದೇಹ. ಆದರೂ ಸಾಲಿನಲ್ಲಿ ಬಲಗಡೆಯ ಗಾರ್ಡ್ ಸ್ಥಾನ ಅವರದಾಯಿತು. 1936ರ ಫೋರ್ಡಂ ತಂಡದ ಮುಂಸಾಲಿನ ಏಳು ಜನರನ್ನು ಪತ್ರಿಕೆಗಳು ಏಳು ಗ್ರಾನೈಟ್ ಬಂಡೆಗಳು ಎಂದು ಕರೆದವು. ಅದರಲ್ಲಿ ಒಂದು ಬಂಡೆ ಲೊಂಬಾರ್ಡಿ. ಆ ಕಾಲದಲ್ಲಿ ಮುನ್ನುಗ್ಗುವಾಗಲೂ ತಡೆಯುವಾಗಲೂ ಅದೇ ಆಟಗಾರರೇ ಮೈದಾನದಲ್ಲಿರುತ್ತಿದ್ದರು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿರುದ್ಧ ಆ ವರ್ಷದ ಪಂದ್ಯದಲ್ಲಿ ಅವರ ಬಾಯಿಯ ಒಳಭಾಗ ಸೀಳಿ, ಹಲ್ಲುಗಳು ಬಿದ್ದು, ಹೊರಗೆ ಕೂರಬೇಕಾಯಿತು. ಕೊನೆಯಲ್ಲಿ ಎದುರಾಳಿಗಳು ಗೆರೆಯ ಹತ್ತಿರ ಬಂದಾಗ ಮತ್ತೆ ಒಳಗಿಳಿದು ತಡೆದರು. ಪಂದ್ಯ ಸೊನ್ನೆಗೆ ಸೊನ್ನೆಯಲ್ಲಿ ಮುಗಿಯಿತು. ಆ ಪಿಟ್ಸ್‌ಬರ್ಗ್ ತಂಡ ಸಾಲಿನಿಂದ ಕಳಚಿಕೊಂಡು ಗುಂಪಾಗಿ ಪಕ್ಕಕ್ಕೆ ಓಡಿ ದಾರಿ ಮಾಡುತ್ತಿದ್ದ ರೀತಿ ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಪದವಿ ಬಂದದ್ದು 1937ರಲ್ಲಿ. ದೇಶದಲ್ಲಿ ಕೆಲಸವಿಲ್ಲದ ಕಾಲ. ಸಾಲದ ಕಂಪನಿಯಲ್ಲಿ ಸ್ವಲ್ಪ ದಿನ, ಕಾನೂನು ಕಾಲೇಜಿನಲ್ಲಿ ಸ್ವಲ್ಪ ದಿನ ಕಳೆದರು. 1939ರಲ್ಲಿ ನ್ಯೂಜೆರ್ಸಿಯ ಎಂಗಲ್‌ವುಡ್‌ನ ಸಂತ ಸಿಸಿಲಿಯಾ ಪ್ರೌಢಶಾಲೆಯಲ್ಲಿ ಕೆಲಸ ಸಿಕ್ಕಿತು: ಲ್ಯಾಟಿನ್, ರಸಾಯನಶಾಸ್ತ್ರ, ಭೌತಶಾಸ್ತ್ರದ ಪಾಠ, ಸಂಜೆ ಫುಟ್‌ಬಾಲ್ ತರಬೇತಿ. ಎಂಟು ವರ್ಷ ಅಲ್ಲೇ ಇದ್ದರು. ಅವರ ತಂಡ ಒಂದು ಹಂತದಲ್ಲಿ ಸತತ 32 ಪಂದ್ಯಗಳಲ್ಲಿ ಸೋಲನ್ನೇ ಕಾಣಲಿಲ್ಲ. ಅರ್ಥವಾಗದ ಹುಡುಗನಿಗೆ ಅರ್ಥವಾಗುವವರೆಗೆ ಒಂದೇ ವಿಷಯವನ್ನು ಮತ್ತೆ ಮತ್ತೆ ಹೇಳುವ ತಾಳ್ಮೆಯನ್ನು ಅವರು ಕಲಿತದ್ದು ಮೈದಾನದಲ್ಲಲ್ಲ, ಕಪ್ಪುಹಲಗೆಯ ಮುಂದೆ ಎಂದು ನನಗೆ ತೋರುತ್ತದೆ.

1940ರ ಆಗಸ್ಟ್ 31ರಂದು ಮೇರಿ ಪ್ಲಾನಿಟ್ಜ್ ಅವರೊಂದಿಗೆ ವಿವಾಹವಾಯಿತು. ಶಾಲೆಯಲ್ಲಿ ಅಭ್ಯಾಸ ಆರಂಭವಾಗುತ್ತದೆಂದು ಮದುಮಗ ಮಧುಚಂದ್ರವನ್ನೇ ಮೊಟಕುಗೊಳಿಸಿ ಹೆಂಡತಿಯನ್ನು ಕರೆದುಕೊಂಡು ಮರಳಿದರು. ಮುಂದಿನ ಮೂವತ್ತು ವರ್ಷಗಳ ಸಂಸಾರ ಹೇಗಿರುತ್ತದೆಂದು ಆ ತಾಯಿಗೆ ಅಂದೇ ತಿಳಿದಿರಬೇಕು.

ಫೋರ್ಡಂನಲ್ಲಿ ಎರಡು ವರ್ಷ ಸಹಾಯಕರಾಗಿದ್ದು, 1949ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಗೆ ಮುಂಸಾಲಿನ ತರಬೇತುದಾರರಾಗಿ ಹೋದರು. ಅಲ್ಲಿನ ಮುಖ್ಯ ತರಬೇತುದಾರ ರೆಡ್ ಬ್ಲೇಕ್ ಪಂದ್ಯಗಳ ಫಿಲಂಗಳನ್ನು ಮತ್ತೆ ಮತ್ತೆ ಓಡಿಸಿ ಪ್ರತಿಯೊಬ್ಬನ ಹೆಜ್ಜೆಯನ್ನೂ ಅಳೆಯುತ್ತಿದ್ದರು. 1951ರಲ್ಲಿ ಪರೀಕ್ಷೆಯಲ್ಲಿ ನಕಲು ಮಾಡಿದ ಹಗರಣ ಬಯಲಾಗಿ ಸುಮಾರು 90 ಕೆಡೆಟ್‌ಗಳು ಅಕಾಡೆಮಿಯಿಂದ ಹೊರಬೀಳಬೇಕಾಯಿತು. ಫುಟ್‌ಬಾಲ್ ತಂಡ ಬಹುಮಟ್ಟಿಗೆ ಖಾಲಿಯಾಯಿತು. ಉಳಿದ ಅನನುಭವಿಗಳನ್ನು ಕಟ್ಟಿಕೊಂಡು ಬ್ಲೇಕ್ ಮತ್ತು ಲೊಂಬಾರ್ಡಿ ಮೊದಲಿನಿಂದ ಶುರುಮಾಡಿದರು. 1954ರಲ್ಲಿ ವೃತ್ತಿಪರ ತಂಡವಾದ ನ್ಯೂಯಾರ್ಕ್ ಜಯಂಟ್ಸ್‌ಗೆ ಬಂದಾಗ ಅನುಭವಿ ಆಟಗಾರರು ಈ ಶಾಲಾ ಮಾಸ್ತರರನ್ನು ಕಂಡು ನಕ್ಕರು. ಲೊಂಬಾರ್ಡಿ ರಾತ್ರಿ ಅವರ ಕೋಣೆಗಳಿಗೇ ಹೋಗಿ, ಯಾವುದು ನಡೆಯುತ್ತದೆ ಯಾವುದು ನಡೆಯುವುದಿಲ್ಲ ಎಂದು ಕೇಳಿ ತಿಳಿದುಕೊಂಡರು. 1956ರಲ್ಲಿ ಆ ತಂಡ ಷಿಕಾಗೊ ತಂಡವನ್ನು 47–7ರಿಂದ ಸೋಲಿಸಿ ಚಾಂಪಿಯನ್ ಆಯಿತು.

ಇಲ್ಲಿ ಸ್ವಲ್ಪ ನಿಂತು, ಅವರು ಕಲಿಸುತ್ತಿದ್ದ ವಿದ್ಯೆಯನ್ನೇ ನೋಡೋಣ. ತಂಡಕ್ಕೆ ಹನ್ನೊಂದು ಜನ. ಮಧ್ಯದಲ್ಲಿ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್‌ಗಳು, ಅವರ ಆಚೆ ಟ್ಯಾಕಲ್‌ಗಳು. ಈ ಐವರು ಸಾಮಾನ್ಯವಾಗಿ ಚೆಂಡನ್ನು ಹಿಡಿದು ಓಡುವುದಿಲ್ಲ, ಅಂಕವನ್ನೂ ಗಳಿಸುವುದಿಲ್ಲ. ನಮ್ಮ ಕಬಡ್ಡಿಯಲ್ಲಿ ಹಿಡಿಯುವುದೇ ಜಾಣತನ. ಇಲ್ಲಿ ದಾರಿ ಬಿಡಿಸುವವನು ಎದುರಾಳಿಯನ್ನು ಹಿಡಿದುಕೊಂಡರೆ ಅಪರಾಧ, ಶಿಕ್ಷೆಯಾಗಿ ಇಡೀ ತಂಡ ಹಿಂದೆ ಸರಿಯಬೇಕು. ಈಗ ಅಂಗೈ ಬಿಚ್ಚಿ ಕೈಚಾಚಿ ತಳ್ಳಲು ಅವಕಾಶವಿದೆ. ಆ ನಿಯಮ ಬಂದದ್ದು 1978ರಲ್ಲಿ. ಲೊಂಬಾರ್ಡಿ ಅವರ ಕಾಲದಲ್ಲಿ ಮುಷ್ಟಿಗಳನ್ನು ಎದೆಗೆ ಒತ್ತಿಕೊಂಡು ಹೆಗಲಿನಿಂದಲೇ ಕೆಲಸ ಮಾಡಬೇಕಿತ್ತು. ಶಿವಾಜಿನಗರದ ಸಂತ ಮರಿಯಮ್ಮನವರ ಹಬ್ಬದ ದಿನ ತೇರಿನ ಮುಂದೆ ಜನಸಾಗರವನ್ನು ಮೈಯಿಂದಲೇ ಸರಿಸುತ್ತಾ ಸಾಗುವ ಸ್ವಯಂಸೇವಕರನ್ನು ನೆನೆಸಿಕೊಳ್ಳಿ. ವ್ಯತ್ಯಾಸವಿಷ್ಟೇ, ಇಲ್ಲಿ ಎದುರಿಗಿರುವವನು ಭಕ್ತನಲ್ಲ, ನೂರು ಕಿಲೋ ಮೀರಿದ, ತೇರನ್ನು ಕೆಡವಲೆಂದೇ ಬಂದಿರುವ ಮನುಷ್ಯ.

ಮೊದಲನೆಯದು ನಿಲುವು. ಒಂದು ಕೈ ನೆಲಕ್ಕೆ ಊರಿ, ಸೊಂಟ ತಗ್ಗಿಸಿ, ಬೆನ್ನು ಚಪ್ಪಟೆಯಾಗಿಟ್ಟು, ಕಣ್ಣು ಮೇಲಿಟ್ಟು ಕಾಯಬೇಕು. ಚೆಂಡು ಕದಲಿದೊಡನೆ ಇಡುವ ಮೊದಲ ಹೆಜ್ಜೆ ಚಿಕ್ಕದಾಗಿರಬೇಕು. ಆಸೆಪಟ್ಟು ಹಾರಿದರೆ ಸಮತೋಲ ಹೋಗುತ್ತದೆ. ಹೆಗಲು ಎದುರಾಳಿಯ ಹೆಗಲಿಗಿಂತ ಕೆಳಗೆ ತಾಗಿ ಮೇಲಕ್ಕೆ ಎತ್ತಬೇಕು. ಕೆಳಗಿನಿಂದ ಬಂದವನದೇ ಮೇಲುಗೈ ಎಂಬುದನ್ನು ನಮ್ಮ ಗರಡಿಮನೆಯ ಪೈಲ್ವಾನರಿಗೆ ಯಾರೂ ಹೇಳಿಕೊಡಬೇಕಿಲ್ಲ. ತಾಗಿದ ಮೇಲೆ ಕಾಲು ನಿಲ್ಲಬಾರದು; ಕಾಲುಗಳನ್ನು ಅಗಲಿಸಿ, ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತಲೇ ಇರಬೇಕು. ತನ್ನ ತಲೆ ಎದುರಾಳಿಗೂ ಓಟಗಾರನ ದಾರಿಗೂ ನಡುವೆ ಇರುವಂತೆ ನೋಡಿಕೊಳ್ಳಬೇಕು.

ಇದು ಅಕ್ಷರಾಭ್ಯಾಸ. ಒಬ್ಬ ಬಲಶಾಲಿಯನ್ನು ಇಬ್ಬರು ಸೇರಿ ಎತ್ತುವುದುಂಟು: ಒಬ್ಬ ಅವನ ನುಗ್ಗಾಟ ನಿಲ್ಲಿಸುತ್ತಾನೆ, ಇನ್ನೊಬ್ಬ ತಿರುಗಿಸಿ ಒಯ್ಯುತ್ತಾನೆ. ಬಲೆ ಒಡ್ಡುವುದುಂಟು: ಒಬ್ಬ ಎದುರಾಳಿಗೆ ಬೇಕೆಂದೇ ಬಾಗಿಲು ತೆರೆದಿಡುತ್ತಾರೆ; ಅವನು ಸಂತೋಷದಿಂದ ಒಳಗೆ ನುಗ್ಗಿದಾಗ ಸಾಲಿನ ಇನ್ನೊಂದು ತುದಿಯಿಂದ ಓಡಿಬಂದ ಗಾರ್ಡ್ ಪಕ್ಕದಿಂದ ತಾಗಿ ಅವನನ್ನು ಆಚೆ ಹಾಕುತ್ತಾನೆ. ಚೆಂಡು ಎಸೆಯುವವನನ್ನು ಕಾಯುವಾಗ ಎಲ್ಲವೂ ತಿರುಗುಮುರುಗು. ಆಗ ಮುನ್ನುಗ್ಗಬಾರದು, ಕುರ್ಚಿಯಲ್ಲಿ ಕುಳಿತಂತೆ ಮಂಡಿ ಬಗ್ಗಿಸಿ, ಹಿಂದೆ ಹಿಂದೆ ಸರಿಯುತ್ತಾ, ಎದುರಾಳಿಗೂ ಗೆಳೆಯನಿಗೂ ನಡುವೆ ಗೋಡೆಯಾಗಿರಬೇಕು. ಕೋಪ ಬಂದವನು ಈ ಕೆಲಸದಲ್ಲಿ ಸೋಲುತ್ತಾನೆ. ಲೊಂಬಾರ್ಡಿ ಅವರಂಥ ಮುಂಗೋಪಿ ಇದನ್ನು ಅಷ್ಟು ಚೆನ್ನಾಗಿ ಕಲಿಸಿದ್ದು ವಿಚಿತ್ರವೇ ಸರಿ.

1959ರಲ್ಲಿ ಅವರು ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಎಂಬ ಚಿಕ್ಕ ಪಟ್ಟಣಕ್ಕೆ ಬಂದರು. ಅಲ್ಲಿನ ಪ್ಯಾಕರ್ಸ್ ತಂಡಕ್ಕೆ ಒಬ್ಬ ಧಣಿ ಇಲ್ಲ. ಜನರೇ ಷೇರುದಾರರು. ಹಿಂದಿನ ವರ್ಷ ಆಡಿದ 12 ಪಂದ್ಯಗಳಲ್ಲಿ ಅದು ಗೆದ್ದದ್ದು ಒಂದೇ ಒಂದು. ಬೇಸಿಗೆಯ ತರಬೇತಿಗೆ ತಂಡ ತಂಗುತ್ತಿದ್ದುದು ನಾರ್ಬರ್ಟ್ ಸಭೆಯ ಗುರುಗಳ ಸಂತ ನಾರ್ಬರ್ಟ್ ಕಾಲೇಜಿನಲ್ಲಿ. ಬೆಳಗ್ಗೆ ಸಂತ ವಿಲ್ಲಿಬ್ರಾರ್ಡ್ ದೇವಾಲಯದಲ್ಲಿ ಬಲಿಪೂಜೆ, ಆಮೇಲೆ ಮೈದಾನ. ಏಳು ಜನ ಒಟ್ಟಿಗೆ ಹೆಗಲು ಕೊಟ್ಟು ತಳ್ಳುವ, ಜಾರುಬಂಡಿಯಂಥ ಭಾರದ ಚೌಕಟ್ಟೊಂದಿತ್ತು. ಲೊಂಬಾರ್ಡಿ ಅದರ ಮೇಲೆ ತಾವೇ ಹತ್ತಿ ನಿಂತು, ಕೂಗುತ್ತಾ, ತಮ್ಮ ಭಾರವನ್ನೂ ಸೇರಿಸಿ ತಳ್ಳಿಸುತ್ತಿದ್ದರು.

ಅಲ್ಲಿ ಅವರು ಒಂದೇ ಒಂದು ಓಟವನ್ನು ತಂಡದ ಮೂಲಮಂತ್ರವಾಗಿ ಮಾಡಿದರು. ಅದರ ಹೆಸರು ಸ್ವೀಪ್, ಪೊರಕೆಯಿಂದ ಗುಡಿಸಿದಂತೆ. ಫೋರ್ಡಂ ದಿನಗಳಲ್ಲಿ ಎದುರಿಸಿದ ಪಿಟ್ಸ್‌ಬರ್ಗ್ ತಂಡದ ನೆನಪೇ ಅದಕ್ಕೆ ಬೇರು. ಚೆಂಡು ಕದಲಿದೊಡನೆ ಇಬ್ಬರು ಗಾರ್ಡ್‌ಗಳು, ಜೆರ್ರಿ ಕ್ರೇಮರ್ ಮತ್ತು ಫಜ್ಜಿ ಥರ್ಸ್ಟನ್, ಸಾಲಿನಿಂದ ಕಳಚಿಕೊಂಡು ಪಕ್ಕಕ್ಕೆ ಓಡುತ್ತಾರೆ. ಅವರು ಬಿಟ್ಟುಹೋದ ಕಿಂಡಿಯಿಂದ ಎದುರಾಳಿ ನುಸುಳದಂತೆ ಸೆಂಟರ್ ಜಿಮ್ ರಿಂಗೊ ಅಡ್ಡಹಾಕುತ್ತಾನೆ. ಟ್ಯಾಕಲ್ ಫಾರೆಸ್ಟ್ ಗ್ರೆಗ್ ಒಳಗಿನವರನ್ನು ಒಳಗೇ ಮುಚ್ಚುತ್ತಾನೆ. ತುದಿಯಲ್ಲಿರುವ ರಾನ್ ಕ್ರೇಮರ್‌ನ ಕೆಲಸವೇ ಇದರ ಗುಟ್ಟು. ತನ್ನ ಎದುರಾಳಿಯನ್ನು ಇಂಥ ಕಡೆಗೇ ತಳ್ಳಬೇಕೆಂದು ಅವನಿಗೆ ಕಟ್ಟಳೆಯಿಲ್ಲ. ಎದುರಾಳಿ ಎತ್ತ ಹೋಗಬಯಸುತ್ತಾನೋ ಅತ್ತಲೇ ಅವನನ್ನು ಒಯ್ದರೆ ಸಾಕು. ಹಿಂದೆ ಚೆಂಡು ಹಿಡಿದು ಬರುವ ಪಾಲ್ ಹಾರ್ನುಂಗ್ ಅದನ್ನು ನೋಡಿ, ಎದುರಾಳಿ ಹೊರಗೆ ಹೋದರೆ ಒಳಗೆ, ಒಳಗೆ ಹೋದರೆ ಹೊರಗೆ, ಬೆಳಕು ಕಂಡ ಕಡೆ ನುಗ್ಗುತ್ತಾನೆ. ಕಟ್ಟುನಿಟ್ಟಿಗೆ ಹೆಸರಾದ ಮನುಷ್ಯನ ಅತ್ಯಂತ ಪ್ರಸಿದ್ಧ ಓಟದ ನಡುಮಧ್ಯದಲ್ಲಿ ಇಷ್ಟು ಸ್ವಾತಂತ್ರ್ಯವಿತ್ತು. ನಿಯಮ ಮತ್ತು ಸ್ವಾತಂತ್ರ್ಯದ ಬಗ್ಗೆ ಗುರುಮಠದಲ್ಲಿ ದಪ್ಪ ಪುಸ್ತಕಗಳನ್ನು ಓದಿದ್ದೇವೆ. ಇಷ್ಟು ಚೊಕ್ಕ ಉದಾಹರಣೆ ಅವುಗಳಲ್ಲಿ ಸಿಕ್ಕಿದ ನೆನಪಿಲ್ಲ.

ಈ ಒಂದೇ ಓಟದ ಬಗ್ಗೆ ಲೊಂಬಾರ್ಡಿ ತರಬೇತುದಾರರ ಶಿಬಿರವೊಂದರಲ್ಲಿ ಎಂಟು ಗಂಟೆ ಮಾತಾಡಿದರೆಂದು ಮುಂದೆ ತಾವೂ ಪ್ರಸಿದ್ಧ ತರಬೇತುದಾರರಾದ ಜಾನ್ ಮ್ಯಾಡನ್ ನೆನೆಸಿಕೊಳ್ಳುತ್ತಿದ್ದರು. ಎದುರಾಳಿಗಳಿಗೆ ಅದು ಬರುತ್ತದೆಂದು ಮೊದಲೇ ಗೊತ್ತಿರುತ್ತಿತ್ತು. ಗೊತ್ತಿದ್ದೂ ತಡೆಯಲಾಗುತ್ತಿರಲಿಲ್ಲ.

ಮೊದಲ ವರ್ಷವೇ ಏಳು ಗೆಲುವು. 1960ರ ಅಂತಿಮ ಪಂದ್ಯದಲ್ಲಿ ಫಿಲಡೆಲ್ಫಿಯಾ ವಿರುದ್ಧ 17–13ರ ಸೋಲು. ಅಂತಿಮ ಹಂತದ ಪಂದ್ಯಗಳಲ್ಲಿ ಅವರು ಮುಖ್ಯ ತರಬೇತುದಾರರಾಗಿ ಕಂಡ ಸೋಲು ಅದೊಂದೇ. 1961, 1962, 1965, 1966, 1967ರಲ್ಲಿ ಚಾಂಪಿಯನ್‌ಗಳು. ಮೊದಲ ಎರಡು ಸೂಪರ್ ಬೌಲ್‌ಗಳೂ ಅವರವೇ. ಗೆಲುವೇ ಸರ್ವಸ್ವ ಎಂಬ ಅರ್ಥದ ಮಾತೊಂದು ಅವರ ಹೆಸರಿಗೆ ಅಂಟಿಕೊಂಡಿದೆ. ಅವರಿಗಿಂತ ಮೊದಲು ಆ ಮಾತನ್ನು ರೆಡ್ ಸ್ಯಾಂಡರ್ಸ್ ಎಂಬ ಇನ್ನೊಬ್ಬ ತರಬೇತುದಾರರು ಆಡಿದ್ದರು. ಲೊಂಬಾರ್ಡಿ ಅವರಿಗೆ ಹೆಚ್ಚು ಇಷ್ಟವಾಗಿದ್ದುದು ಸಂತ ಪೌಲರು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಬರುವ ಓಟದ ಪಂದ್ಯದ ಹೋಲಿಕೆ.

ಇನ್ನೊಂದು ವಿಷಯವನ್ನು ಮರೆಯಬಾರದು. 1964ರ ನಾಗರಿಕ ಹಕ್ಕುಗಳ ಕಾನೂನು ಬರುವ ಮೊದಲೇ, ಕರಿಯ ಆಟಗಾರರನ್ನು ಒಳಗೆ ಬಿಡದ ಹೋಟೆಲು, ಮದ್ಯದಂಗಡಿಗಳಿಗೆ ತಂಡದ ಯಾರೂ ಕಾಲಿಡಕೂಡದೆಂದು ಅವರು ಕಟ್ಟಪ್ಪಣೆ ಮಾಡಿದರು. ಇಟಲಿಯವರ ಮಗನೆಂದು ತಾವೇ ಚುಚ್ಚುಮಾತು ಕೇಳಿ ಬೆಳೆದವರು ಅವರು.

ಹಾಗೆಂದು ಅವರನ್ನು ಪೀಠದ ಮೇಲೆ ಕೂರಿಸುವುದು ಬೇಡ. ಅವರ ಕೋಪ ಭಯಂಕರವಾಗಿತ್ತು. ಗಾಯಗೊಂಡವನು ನೋವು ನುಂಗಿ ಆಡಬೇಕೆಂದು ನಿರೀಕ್ಷಿಸುತ್ತಿದ್ದರು. ತಲೆಗೆ ಪದೇಪದೇ ಬೀಳುವ ಪೆಟ್ಟು ಮಿದುಳಿಗೆ ಶಾಶ್ವತ ಹಾನಿ ಮಾಡಬಲ್ಲದೆಂದು ಇಂದು ವೈದ್ಯರು ಹೇಳುತ್ತಾರೆ, ಅಂದು ಯಾರೂ ಲೆಕ್ಕವಿಡಲಿಲ್ಲ. ಒಮ್ಮೆ ಅಭ್ಯಾಸದಲ್ಲಿ ಜೆರ್ರಿ ಕ್ರೇಮರ್‌ನನ್ನು ಎಲ್ಲರೆದುರು ಬೈದು ಕುಗ್ಗಿಸಿದರು. ಅವನು ಬಟ್ಟೆ ಬದಲಿಸುವ ಕೋಣೆಯಲ್ಲಿ ತಲೆ ತಗ್ಗಿಸಿ, ಆಟ ಬಿಟ್ಟುಬಿಡೋಣವೆಂದು ಯೋಚಿಸುತ್ತಾ ಕುಳಿತಿದ್ದಾಗ, ಅದೇ ಲೊಂಬಾರ್ಡಿ ಬಂದು ಬೆನ್ನು ತಟ್ಟಿ, ಕೂದಲು ಕೆದರಿ, ಒಂದು ದಿನ ನೀನೇ ಈ ಆಟದ ಅತ್ಯುತ್ತಮ ಗಾರ್ಡ್ ಆಗುತ್ತೀಯೆಂದು ಹೇಳಿ ಹೋದರು. ಆ ಕ್ಷಣದಿಂದ ತನ್ನ ಬದುಕು ತಿರುಗಿತೆಂದು ಕ್ರೇಮರ್ ಜೀವನವಿಡೀ ಹೇಳಿಕೊಂಡು ಬಂದರು.

ಮನೆಯಲ್ಲಿ ಅಂಥ ಕೈ ಎಷ್ಟು ಸಲ ಬೆನ್ನು ತಟ್ಟಿತು? ಮೇರಿ ಅವರ ಮೊದಲ ಬಸಿರು ಉಳಿಯಲಿಲ್ಲ; ಆ ದುಃಖದಲ್ಲಿ ಹಿಡಿದ ಕುಡಿತ ಆಮೇಲೂ ಅವರನ್ನು ಆಗಾಗ ಕಾಡಿತು. ಎಂಗಲ್‌ವುಡ್, ವೆಸ್ಟ್ ಪಾಯಿಂಟ್, ನ್ಯೂಯಾರ್ಕ್, ನ್ಯೂಯಾರ್ಕಿನವಳಿಗೆ ಕಾಡಿನಂತೆ ಕಂಡಿರಬಹುದಾದ ಗ್ರೀನ್ ಬೇ, ಗಂಡನ ಕೆಲಸ ಕರೆದಲ್ಲೆಲ್ಲ ಅವರು ಮನೆ ಕಟ್ಟಿದರು. ಮಗ ವಿನ್ಸೆಂಟ್, ಮಗಳು ಸೂಸನ್ ಇಬ್ಬರೂ ಅಪ್ಪನನ್ನು ಊರಿನೊಂದಿಗೆ ಹಂಚಿಕೊಂಡು ಬೆಳೆದರು. ಊರಿಗೇ ಪಾಲು ಹೆಚ್ಚು ಸಿಕ್ಕಿತು. ಓಡುವವನಿಗೆ ಮಾತ್ರ ಚಪ್ಪಾಳೆ ಬೀಳುತ್ತದೆ, ದಾರಿ ಬಿಡಿಸಿದವರನ್ನು ಯಾರೂ ನೋಡುವುದಿಲ್ಲ ಎಂಬುದು ಲೊಂಬಾರ್ಡಿ ಅವರಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಮೂವತ್ತು ವರ್ಷ ತಮ್ಮ ಮುಂದೆ ದಾರಿ ಬಿಡಿಸಿದವಳು ಯಾರೆಂದು ಅವರು ಎಷ್ಟು ನೋಡಿದರೋ!

1967ರ ಡಿಸೆಂಬರ್ 31ರ ಪಂದ್ಯದಲ್ಲಿ ಒಮ್ಮೆ ಲೋಕವೂ ನೋಡಿತು. ಗ್ರೀನ್ ಬೇಯಲ್ಲಿ ಡಲ್ಲಾಸ್ ತಂಡದ ವಿರುದ್ಧ ಚಾಂಪಿಯನ್‌ಷಿಪ್ ಪಂದ್ಯ. ಹದಿನಾಲ್ಕು ಡಿಗ್ರಿಗೆ ಸ್ವೆಟರ್, ಮಂಗನಟೋಪಿ ತೆಗೆಯುವ ನಮಗೆ ಊಹಿಸಲೂ ಆಗದ ಚಳಿ: ಸೊನ್ನೆಗಿಂತ ಸುಮಾರು 25 ಡಿಗ್ರಿ ಕೆಳಗೆ. ನೆಲ ಬಿಸಿಯಾಗಿಡಲು ಲೊಂಬಾರ್ಡಿ ಹಾಕಿಸಿದ್ದ ವಿದ್ಯುತ್ ತಂತಿಯ ಏರ್ಪಾಡು ಕೈಕೊಟ್ಟು ಮೈದಾನ ಮಂಜುಗಡ್ಡೆಯಾಗಿತ್ತು. ತೀರ್ಪುಗಾರರ ಸೀಟಿಗಳು ಹೆಪ್ಪುಗಟ್ಟಿದವು. 16 ಸೆಕೆಂಡು ಉಳಿದಿರುವಾಗ ಪ್ಯಾಕರ್ಸ್ 14–17ರಿಂದ ಹಿಂದೆ. ಗೆರೆಗೆ ಒಂದು ಗಜವೂ ದೂರವಿಲ್ಲ. ಒದ್ದು ಮೂರಂಕ ಪಡೆದು ಸಮಮಾಡಿಕೊಳ್ಳಬಹುದಿತ್ತು. ಅವರು ನುಗ್ಗುವುದನ್ನೇ ಆರಿಸಿಕೊಂಡರು. ಡಲ್ಲಾಸಿನ ಜೆತ್ರೊ ಪ್ಯೂ ನುಗ್ಗುವಾಗ ಸ್ವಲ್ಪ ಎತ್ತರವಾಗಿ ಏಳುತ್ತಾನೆಂಬುದನ್ನು ಕ್ರೇಮರ್ ಫಿಲಂ ನೋಡಿ ಗುರುತಿಸಿದ್ದರು. ಅವರೂ ಸೆಂಟರ್ ಕೆನ್ ಬೌಮನ್ನರೂ ಸೇರಿ ಅವನ ಹೆಗಲಿನ ಕೆಳಗೆ ನುಗ್ಗಿ ಹಿಂದಕ್ಕೆ ಎತ್ತಿದರು. ಆ ಕಿಂಡಿಯಲ್ಲಿ ಬಾರ್ಟ್ ಸ್ಟಾರ್ ಬಿದ್ದುಕೊಂಡೇ ಗೆರೆ ದಾಟಿದರು. 21–17. ದೂರದರ್ಶನದಲ್ಲಿ ಆ ತಡೆಯನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸಿದರು.

ಆ ಋತುವಿನ ಕೊನೆಗೆ ಲೊಂಬಾರ್ಡಿ ತರಬೇತುದಾರನ ಹುದ್ದೆ ಬಿಟ್ಟರು, ಬಿಟ್ಟು ಇರಲಾಗಲಿಲ್ಲ. 1969ರಲ್ಲಿ ವಾಷಿಂಗ್ಟನ್ ತಂಡಕ್ಕೆ ಹೋದರು. 1970ರ ಬೇಸಿಗೆಯಲ್ಲಿ ಕರುಳಿನ ಕ್ಯಾನ್ಸರ್ ಪತ್ತೆಯಾಯಿತು. ಸೆಪ್ಟೆಂಬರ್ 3ರಂದು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, 57ನೆಯ ವಯಸ್ಸಿನಲ್ಲಿ, ತೀರಿಕೊಂಡರು. ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಪ್ರಧಾನಾಲಯದಲ್ಲಿ ಕಾರ್ಡಿನಲ್ ಟೆರೆನ್ಸ್ ಕುಕ್ ಅಂತಿಮ ಬಲಿಪೂಜೆ ಅರ್ಪಿಸಿದರು. ನ್ಯೂಜೆರ್ಸಿಯ ಮಿಡಲ್‌ಟೌನ್‌ನಲ್ಲಿ ಅವರ ಸಮಾಧಿಯಿದೆ; 1982ರಲ್ಲಿ ಮೇರಿ ಅವರನ್ನೂ ಅಲ್ಲೇ ಪಕ್ಕದಲ್ಲಿ ಮಣ್ಣು ಮಾಡಿದರು.

ಆ ಆಟದ ಗೌರವ ಮಂದಿರದಲ್ಲಿ ಲೊಂಬಾರ್ಡಿ ಅವರ ಹೆಸರು 1971ರಲ್ಲೇ ಸೇರಿತು. ಅವರ ಸಾಲಿನವರಲ್ಲಿ ಗ್ರೆಗ್ ಅವರಿಗೆ 1977ರಲ್ಲಿ, ರಿಂಗೊ ಅವರಿಗೆ 1981ರಲ್ಲಿ ಆ ಮನ್ನಣೆ ಸಿಕ್ಕಿತು. ಕ್ರೇಮರ್ ಆಟ ಬಿಟ್ಟು ಸುಮಾರು ಅರ್ಧ ಶತಮಾನ ಕಾದು, 82ನೆಯ ವಯಸ್ಸಿನಲ್ಲಿ, 2018ರಲ್ಲಿ ಅಲ್ಲಿ ಹೆಸರು ಕಂಡರು. ಅವರ ಜೊತೆಯಲ್ಲೇ ಸಾಲಿನಿಂದ ಕಳಚಿಕೊಂಡು ಓಡುತ್ತಿದ್ದ ಫಜ್ಜಿ ಥರ್ಸ್ಟನ್ 2014ರಲ್ಲಿ ತೀರಿಕೊಂಡಿದ್ದರು. ಅವರು ಬದುಕಿರುವಾಗ ಆ ಬಾಗಿಲು ತೆರೆಯಲಿಲ್ಲ.